ರಾಗಿ ಸೀಮೆಯಲ್ಲಿ ಗೋಧಿಯ ಸಾಕ್ಷಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಗೋಧಿ ಮನೆಯ ಮಗನಲ್ಲ, ಬಂದ ನೆಂಟ. ಕಂದಿಕೆರೆ ಹೋಬಳಿಯ ಯಾವ ಹಳ್ಳಿಗೆ ಹೋದರೂ ತೋಟದಲ್ಲಿ ತೆಂಗು, ಹೊಲದಲ್ಲಿ ರಾಗಿ, ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು ಕಾಣುತ್ತವೆ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಈ ನಾಡಿನ ಬಡವರ ಹೊಟ್ಟೆ ತುಂಬಿಸುವುದು ರಾಗಿಯೇ ಎಂಬುದನ್ನು ಮತ್ತೆ ಮತ್ತೆ ಬರೆದುಕೊಂಡ. ಗೋಧಿ ನಮ್ಮ ಬಡವರ ತಟ್ಟೆಗೆ ಬಂದದ್ದು ಬಹಳ ತಡವಾಗಿ. ಅಮೆರಿಕದ ಪಿ.ಎಲ್. 480 ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 1956ರಲ್ಲಿ. ಅರವತ್ತರ ದಶಕದ ಬರಗಾಲದಲ್ಲಿ ಹಡಗುಗಳಲ್ಲಿ ಬಂದ ಗೋಧಿ ರೇಷನ್ ಅಂಗಡಿಯ ಮೂಲಕ ಹಳ್ಳಿ ತಲುಪಿತು. ಶಾಲೆಯ ಮಕ್ಕಳಿಗೆ ಕೇರ್ ಸಂಸ್ಥೆಯ ಉಪ್ಪಿಟ್ಟು ಸಿಕ್ಕಿತು. ಆಮೇಲೆ ಬೇಕರಿಯ ಬನ್ನು, ಹೋಟೆಲಿನ ಪರೋಟ ಬಂದವು. ಸಕ್ಕರೆ ಕಾಯಿಲೆಯವರಿಗೆ ರಾತ್ರಿ ಅನ್ನ ಬಿಟ್ಟು ಚಪಾತಿ ತಿನ್ನಿರೆಂದು ಡಾಕ್ಟರುಗಳೂ ಹೇಳತೊಡಗಿದರು. ಮುಸ್ಲಿಮರ ಮನೆಗಳಲ್ಲಿ ಮಾತ್ರ ಅದಕ್ಕೆ ಹಳೆಯ ಮರ್ಯಾದೆಯ ಜಾಗವಿತ್ತು: ಈದ್ ದಿನದ ಶೀರ್ ಖುರ್ಮಾದ ಶಾವಿಗೆ, ರಂಜಾನಿನ ಸಮೋಸ, ಉಳ್ಳವರ ಮನೆಯ ಹಲೀಮ್. ಅದೂ ಹಬ್ಬದ ಗೋಧಿಯೇ ಹೊರತು ದಿನದ ಗೋಧಿಯಲ್ಲ.

ಇಂಥ ಸೀಮೆಯಿಂದ ಹೊರಟ ಒಂದು ಪ್ರಶ್ನೆ ನಮ್ಮನ್ನು ಈಚೆಗೆ ವೈದ್ಯಕೀಯ ಚರಿತ್ರೆಯ ಪುಟಗಳ ಹಿಂದೆ ಅಲೆಸಿತು. ನಮ್ಮ ನೆಂಟರ ಪೈಕಿ, ಕಂದಿಕೆರೆ ಕಡೆಯ ಕೊಬ್ಬರಿ ವ್ಯಾಪಾರದ ಮನೆಯ ಹುಡುಗಿ ಬೆಂಗಳೂರಿನ ಹಾಸ್ಟೆಲಿನಲ್ಲಿ ಓದಲು ಹೋದಳು. ಬೆಳಗ್ಗೆ ಬ್ರೆಡ್ಡು, ರಾತ್ರಿ ಚಪಾತಿ. ಎರಡು ವರ್ಷದಲ್ಲಿ ಹೊಟ್ಟೆ ಉಬ್ಬರ, ನಿಲ್ಲದ ಭೇದಿ, ಕಬ್ಬಿಣದ ಮಾತ್ರೆಗೂ ಬಗ್ಗದ ರಕ್ತಹೀನತೆ. ಯಾರೋ ಗೋಧಿ ಬಿಟ್ಟು ನೋಡು ಎಂದರು. ಊರಿಗೆ ಬಂದು ಮುದ್ದೆ, ಅನ್ನ ಉಂಡಳು. ನಾಲ್ಕೈದು ತಿಂಗಳಲ್ಲಿ ಚೇತರಿಸಿಕೊಂಡಳು. ಆಮೇಲೆ ತಜ್ಞರ ಬಳಿ ಹೋದರೆ ಅವರು ಹೇಳಿದ್ದು ಇಷ್ಟು: ಇದು ಸೀಲಿಯಾಕ್ ರೋಗವಿರಬಹುದು, ಇಲ್ಲದಿರಲೂಬಹುದು. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ಏನೂ ಕಾಣುವುದಿಲ್ಲ. ಖಚಿತವಾಗಿ ತಿಳಿಯಬೇಕಾದರೆ ಆರರಿಂದ ಎಂಟು ವಾರ ದಿನವೂ ಗೋಧಿ ತಿಂದು ಬರಬೇಕು. ಆಕೆಯ ದಾದಿ ಇದನ್ನು ಕೇಳಿ, ಹೋದ ಬೀಮಾರಿಯನ್ನು ಮತ್ತೆ ದಾವತ್‌ಗೆ ಕರೆಯುವುದು ಯಾವ ಸೀಮೆಯ ಇಲಾಜು ಎಂದರಂತೆ.

ದಾದಿಯ ಪ್ರಶ್ನೆ ನ್ಯಾಯವಾದದ್ದೇ. ಪರ್ಹೇಜ್ ಇಲಾಜಿಗಿಂತ ಮೇಲು ಎಂಬ ಮಾತನ್ನು ಕೇಳಿ ಬೆಳೆದವರು ನಾವು. ಹಕೀಮರ ಕಾಲದಲ್ಲಿ ಪಥ್ಯ ಫಲಿಸಿದರೆ ಅದೇ ರೋಗದ ಗುರುತು. ಆದರೆ ಈ ಒಂದು ಕಾಯಿಲೆಯ ವಿಷಯದಲ್ಲಿ, ಫಲಿಸಿದ ಪಥ್ಯವನ್ನು ಮುರಿದು ನೋಡುವ ಪದ್ಧತಿ ಹೇಗೆ ಬಂತು ಎನ್ನುವುದಕ್ಕೆ ಒಂದು ಕಥೆಯಿದೆ.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ, ಇಂದಿನ ತುರ್ಕಿಯಲ್ಲಿರುವ ಕಪ್ಪಡೋಸಿಯದ ಅರೇಟಿಯಸ್ ಎಂಬ ಗ್ರೀಕ್ ವೈದ್ಯ, ತಿಂದ ಅನ್ನ ಜೀರ್ಣವಾಗದೆ ಹೊರಹೋಗಿ ದೇಹ ಕರಗುವ ಕಾಯಿಲೆಯನ್ನು ವರ್ಣಿಸಿದ. ಹೊಟ್ಟೆಗೆ ಗ್ರೀಕಿನಲ್ಲಿರುವ ಕೊಯ್ಲಿಯಾ ಎಂಬ ಮಾತಿನಿಂದಲೇ ಸೀಲಿಯಾಕ್ ಎಂಬ ಹೆಸರು ಬಂದದ್ದು. ಅಲ್ಲಿಂದ ಮುಂದೆ ಹೇಳಿಕೊಳ್ಳುವಂಥದ್ದು ಸಿಗುವುದು ಲಂಡನ್ನಿನಲ್ಲಿ, 1888ರಲ್ಲಿ. ಸ್ಯಾಮ್ಯುಯೆಲ್ ಗೀ ಎಂಬ ವೈದ್ಯ ಮಕ್ಕಳ ಈ ಕಾಯಿಲೆಯ ಬಗ್ಗೆ ಪ್ರಕಟಿಸಿದ ಉಪನ್ಯಾಸದಲ್ಲಿ, ಗುಣವಾಗುವುದಿದ್ದರೆ ಅದು ಆಹಾರದಿಂದಲೇ ಎಂದ. ಯಾವ ಆಹಾರ ಎಂದು ಅವನಿಗೆ ತಿಳಿಯಲಿಲ್ಲ. ಒಂದು ಮಗುವಿಗೆ ದಿನವೂ ಹಾಲೆಂಡಿನ ಮರುವಾಯಿ ಚಿಪ್ಪು ತಿನ್ನಿಸಿದಾಗ ಅದು ಚೆನ್ನಾಗಿ ಮೈತುಂಬಿಕೊಂಡಿತು. ಚಿಪ್ಪಿನ ಕಾಲ ಮುಗಿದೊಡನೆ ಮತ್ತೆ ಸೊರಗಿತು. ಮರುವರ್ಷ ಆ ಮಗು ಚಿಪ್ಪನ್ನು ಮುಟ್ಟಲೇ ಇಲ್ಲ. ಪ್ರಯೋಗವನ್ನು ಎರಡನೆಯ ಸಲ ಮಾಡಲು ಆಗಲಿಲ್ಲವಲ್ಲ ಎಂದು ಗೀ ಪೇಚಾಡಿದ್ದಾನೆ. ಮಗುವನ್ನು ಚೇತರಿಸಿದ್ದು ಚಿಪ್ಪಲ್ಲ, ಚಿಪ್ಪಿನ ಭರದಲ್ಲಿ ಮರೆಯಾದ ರೊಟ್ಟಿ ಇರಬಹುದು ಎಂಬ ಅನುಮಾನ ಅವನಿಗೆ ಬರಲಿಲ್ಲ.

1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಇನ್ನೊಂದು ದಾರಿ ಹಿಡಿದ. ಅವನ ಪಥ್ಯ ಬಾಳೆಹಣ್ಣಿನದು. ಸಾಯುವ ಸ್ಥಿತಿಯಲ್ಲಿದ್ದ ಮಕ್ಕಳು ಬಾಳೆಹಣ್ಣು ತಿಂದು ಬದುಕಿದರು. ಬಾಳೆಹಣ್ಣಿನಲ್ಲೇ ಏನೋ ಗುಣವಿದೆ ಎಂದು ಮೂರು ದಶಕ ಜನ ನಂಬಿದರು. ಗುಣವಾಯಿತೆಂದು ಮನೆಗೆ ಕಳಿಸಿದ ಮಕ್ಕಳು ಮತ್ತೆ ಬ್ರೆಡ್ಡು ತಿನ್ನತೊಡಗಿದರೆ ಒಳಗೆ ಕರುಳು ಕೆಡುತ್ತದೆ ಎಂಬುದು ಯಾರ ಗಮನಕ್ಕೂ ಬರಲಿಲ್ಲ. ಪಥ್ಯ ಫಲಿಸಿತು, ಆದರೆ ಕಾರಣ ತಪ್ಪಾಗಿ ತಿಳಿಯಿತು. ನಮ್ಮ ಹುಡುಗಿಯ ವಿಷಯಕ್ಕೆ ಈ ಉದಾಹರಣೆ ಎಷ್ಟು ಹತ್ತಿರ ಎನ್ನುವುದನ್ನು ಮುಂದೆ ನೋಡೋಣ.

ಕಾರಣ ಹಿಡಿದವನು ಹಾಲೆಂಡಿನ ವಿಲೆಮ್ ಕಾರೆಲ್ ಡಿಕೆ. 1936ರಿಂದ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ನಿರ್ದೇಶಕನಾಗಿದ್ದವನು. ಬ್ರೆಡ್ಡು ಬಿಡಿಸಿದರೆ ಮಗುವಿನ ಸ್ಥಿತಿ ಸುಧಾರಿಸುತ್ತದೆ ಎಂದು ಒಬ್ಬ ತಾಯಿ ಹೇಳಿದ ಮಾತು ಅವನ ತಲೆಯಲ್ಲಿ ಕೂತಿತ್ತೆಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. 1941ರಲ್ಲೇ ಅವನು ಬ್ರೆಡ್ಡಿಲ್ಲದ ಸರಳ ಪಥ್ಯದ ಬಗ್ಗೆ ಡಚ್ ಭಾಷೆಯಲ್ಲಿ ಬರೆದಿದ್ದ. 1944ರ ಕೊನೆಯಿಂದ 1945ರ ಮೇ ತನಕ ಜರ್ಮನ್ ಹಿಡಿತದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಹಸಿವಿನ ಚಳಿಗಾಲ ಬಂತು. ಸುಮಾರು 20,000 ಜನ ಸತ್ತರು. ಜನ ಟುಲಿಪ್ ಹೂವಿನ ಗೆಡ್ಡೆ ಬೇಯಿಸಿ ತಿಂದರು. ಊರೆಲ್ಲ ಕರಗುತ್ತಿದ್ದಾಗ ಡಿಕೆಯ ಸೀಲಿಯಾಕ್ ಮಕ್ಕಳು ಮಾತ್ರ ಕೆಡಲಿಲ್ಲ, ಸುಧಾರಿಸಿದರು. ಬಿಡುಗಡೆಯ ಹೊತ್ತಿಗೆ ಮಿತ್ರರಾಷ್ಟ್ರಗಳ ವಿಮಾನಗಳಿಂದ ಬ್ರೆಡ್ಡು ಬಂದಾಗ ಮತ್ತೆ ಹಾಸಿಗೆ ಹಿಡಿದರು. ಆಸ್ಪತ್ರೆಯ ಆ ಮಕ್ಕಳಿಗೆ ಯುದ್ಧದ ಕೊನೆಯ ಬ್ರೆಡ್ಡೇ ವೈರಿಯಾಯಿತು.

ಆದರೆ ಬರಗಾಲವೊಂದನ್ನು ಸಾಕ್ಷಿಯೆಂದು ಯಾವ ವಿಶ್ವವಿದ್ಯಾಲಯವೂ ಒಪ್ಪುವುದಿಲ್ಲ. ಬರದಲ್ಲಿ ಗೋಧಿಯೊಂದೇ ಮಾಯವಾಗುವುದಿಲ್ಲ, ಹಾಲು, ಸಕ್ಕರೆ, ಜಿಡ್ಡು ಎಲ್ಲವೂ ಹೋಗುತ್ತವೆ. ಆದ್ದರಿಂದ ಡಿಕೆ ಚೇತರಿಸಿಕೊಂಡ ಮಕ್ಕಳಿಗೆ ಲೆಕ್ಕ ಹಾಕಿ ಮತ್ತೆ ಗೋಧಿ ಕೊಟ್ಟ. ಸ್ವಲ್ಪ ಕಾಲ ಏನೂ ಆಗುತ್ತಿರಲಿಲ್ಲ. ಆಮೇಲೆ ಹಸಿವು ಸತ್ತು, ಮಲದಲ್ಲಿ ಜಿಡ್ಡು ಹೆಚ್ಚಿ, ತೂಕದ ಗೆರೆ ಇಳಿಯುತ್ತಿತ್ತು. ಗೋಧಿ ನಿಲ್ಲಿಸಿದರೆ ಗೆರೆ ಮೇಲೇರುತ್ತಿತ್ತು. ಅಕ್ಕಿ ಕೊಟ್ಟರೆ ಏನೂ ಕೆಡುತ್ತಿರಲಿಲ್ಲ. 1950ರಲ್ಲಿ ಯೂಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಅವನ ಪ್ರಬಂಧದ ತಿರುಳು ಈ ಗೆರೆಗಳೇ. ವೈಯರ್ಸ್ ಮತ್ತು ವಾನ್ ಡೆ ಕಾಮರ್ ಜೊತೆ ಸೇರಿ ದೋಷವಿರುವುದು ಗೋಧಿಯ ಗಂಜಿಯಲ್ಲಲ್ಲ, ಅದರ ಅಂಟಿನಲ್ಲಿ, ಅಂದರೆ ಗ್ಲುಟೆನ್‌ನಲ್ಲಿ ಎಂದು ತೋರಿಸಿದ. 1952ರಲ್ಲಿ ಬರ್ಮಿಂಗ್‌ಹ್ಯಾಮಿನ ಷಾರ್ಲೆಟ್ ಆಂಡರ್ಸನ್ ಮತ್ತು ಸಂಗಡಿಗರು ಅದನ್ನು ದೃಢಪಡಿಸಿದರು.

ಗುಣವಾದ ಮಗುವಿಗೆ ಕಾಯಿಲೆ ತರಿಸುವ ಆಹಾರವನ್ನು ಮತ್ತೆ ಕೊಟ್ಟದ್ದು ಸರಿಯೇ ಎಂದು ಇಂದು ಕೇಳಬಹುದು. ಇಂದಿನ ನೀತಿ ಸಮಿತಿಗಳು ಅದಕ್ಕೆ ಸುಲಭವಾಗಿ ಅನುಮತಿ ಕೊಡಲಾರವು. ಆದರೆ ಆ ಮಕ್ಕಳು ಅಂದು ತಿಂದ ಬ್ರೆಡ್ಡಿನ ಮೇಲೆ ಜಗತ್ತಿನ ಲಕ್ಷಾಂತರ ರೋಗಿಗಳ ಪಥ್ಯ ನಿಂತಿದೆ ಎನ್ನುವುದೂ ನಿಜ. ಅವರ ಹೆಸರು ಯಾರಿಗೂ ಗೊತ್ತಿಲ್ಲ.

1956ರಲ್ಲಿ ಲಂಡನ್ನಿನ ಮಾರ್ಗೊ ಷೈನರ್ ಬಾಯಿಯ ಮೂಲಕ ಕೊಳವೆ ಇಳಿಸಿ ಸಣ್ಣಕರುಳಿನ ಚೂರು ತೆಗೆಯುವ ಸಾಧನ ಮಾಡಿದರು. ಕರುಳಿನ ಒಳಗೋಡೆ ರತ್ನಗಂಬಳಿಯಂತೆ ಎಳೆ ಎಳೆಯಾಗಿರಬೇಕು. ಈ ರೋಗದಲ್ಲಿ ಎಳೆ ಸವೆದು ಗೋಣಿಚೀಲದಂತೆ ಚಪ್ಪಟೆಯಾಗಿರುತ್ತದೆ. ಗೋಧಿ ಬಿಟ್ಟರೆ ಎಳೆ ಮತ್ತೆ ಚಿಗುರುತ್ತದೆ. 1969ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ ಸೇರಿದ ಯುರೋಪಿನ ಮಕ್ಕಳ ತಜ್ಞರು ಒಂದು ಕಟ್ಟಳೆ ಮಾಡಿದರು: ಕರುಳಿನ ಚೂರನ್ನು ಮೂರು ಸಲ ತೆಗೆಯಬೇಕು. ಮೊದಲು ಕಾಯಿಲೆಯಲ್ಲಿ, ಎರಡನೆಯದು ಪಥ್ಯದಲ್ಲಿ ಚೇತರಿಸಿದ ಮೇಲೆ, ಮೂರನೆಯದು ಮತ್ತೆ ಗೋಧಿ ತಿನ್ನಿಸಿ ಕೆಡಿಸಿದ ಮೇಲೆ. ಮೂರೂ ಹೊಂದಿದರೆ ಮಾತ್ರ ಸೀಲಿಯಾಕ್. ನಮ್ಮ ದಾದಿ ಆ ಸಭೆಯಲ್ಲಿದ್ದಿದ್ದರೆ ಎದ್ದು ಹೊರಟುಬಿಡುತ್ತಿದ್ದರು.

ಇಷ್ಟು ಬಿಗಿ ಏಕೆ ಎನ್ನುವುದಕ್ಕೆ ಉತ್ತರ ನಮ್ಮ ದಕ್ಷಿಣ ಭಾರತದಲ್ಲೇ ಇದೆ. ಚಪ್ಪಟೆಯಾದ ಕರುಳೆಲ್ಲ ಸೀಲಿಯಾಕ್ ಅಲ್ಲ. ಅರವತ್ತರ ದಶಕದ ಆರಂಭದಲ್ಲಿ ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ ಉಷ್ಣವಲಯದ ಸ್ಪ್ರೂ ಎಂಬ ಕಾಯಿಲೆ ಸಾಂಕ್ರಾಮಿಕದಂತೆ ಹಬ್ಬಿತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸೆಲ್ವಿನ್ ಬೇಕರ್, ವಿ.ಐ. ಮಥಾನ್ ಮೊದಲಾದವರು ಅದನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಅಲ್ಲಿಯೂ ಭೇದಿ, ರಕ್ತಹೀನತೆ, ಸವೆದ ಕರುಳು. ಆದರೆ ಆ ರೋಗಿಗಳು ಉಣ್ಣುತ್ತಿದ್ದದ್ದು ಅನ್ನ, ಗೋಧಿಯಲ್ಲ. ಅವರಿಗೆ ಬೇಕಾಗಿದ್ದದ್ದು ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್. ಕ್ಷಯರೋಗ ಕರುಳಿಗಿಳಿದರೂ ಲಕ್ಷಣ ಹೀಗೆಯೇ ಕಾಣಬಹುದು. ಕ್ಷಯದವರಿಗೆ ಗೋಧಿ ಬಿಡಿಸಿ ಕೂರಿಸಿದರೆ ಸಾವನ್ನು ಕರೆದಂತೆ. ಅತ್ತ ಉತ್ತರದಲ್ಲಿ, ಗೋಧಿ ರೊಟ್ಟಿಯ ಸೀಮೆಯಲ್ಲಿ, ಬಿ.ಎನ್.ಎಸ್. ವಾಲಿಯಾ ಮತ್ತು ಸಂಗಡಿಗರು 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಭಾರತದ ಮಕ್ಕಳಲ್ಲಿ ಸೀಲಿಯಾಕ್ ಇದೆ ಎಂದು ಬರೆದರು. ಅಲ್ಲಿಯ ತನಕ ಅದು ಬಿಳಿಯರ ಕಾಯಿಲೆ ಎಂದೇ ಪುಸ್ತಕಗಳು ಹೇಳುತ್ತಿದ್ದವು.

ಕಟ್ಟಳೆ ಸಡಿಲಾದದ್ದು ರಕ್ತಪರೀಕ್ಷೆಗಳು ಬಂದ ಮೇಲೆ. 1990ರಲ್ಲಿ ಯುರೋಪಿನ ತಜ್ಞರು ಹೆಚ್ಚಿನ ಮಕ್ಕಳಿಗೆ ಒಂದೇ ಸಲ ಚೂರು ತೆಗೆದರೆ ಸಾಕೆಂದರು. 1997ರಲ್ಲಿ ಬರ್ಲಿನ್ನಿನ ಡೀಟರಿಕ್, ಷುಪ್ಪನ್ ಮತ್ತು ಸಂಗಡಿಗರು ಈ ರೋಗದಲ್ಲಿ ದೇಹ ತನ್ನದೇ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವದ ಮೇಲೆ ಕತ್ತಿ ಎತ್ತುತ್ತದೆ ಎಂದು ಕಂಡುಕೊಂಡರು. ಆ ಕತ್ತಿಯನ್ನು ಅಳೆಯುವುದೇ ಇಂದಿನ ಟಿಟಿಜಿ ಪರೀಕ್ಷೆ. 2012ರಲ್ಲಿ, ಮತ್ತೆ 2020ರಲ್ಲಿ, ಮಕ್ಕಳ ರಕ್ತದಲ್ಲಿ ಇದು ಮಿತಿಯ ಹತ್ತು ಪಟ್ಟು ಮೀರಿದ್ದು ಎರಡನೆಯ ಪರೀಕ್ಷೆಯೂ ಹೌದೆಂದರೆ ಕರುಳಿನ ಚೂರೇ ಬೇಡ ಎಂಬ ಮಾರ್ಗಸೂಚಿ ಬಂತು. ಮೂರು ಸಲದಿಂದ ಒಂದು ಸಲಕ್ಕೆ, ಒಂದರಿಂದ ಸೊನ್ನೆಗೆ ಇಳಿಯಲು ಅರ್ಧ ಶತಮಾನ ಹಿಡಿಯಿತು. ಆದರೆ ಈ ಎಲ್ಲ ಸುಲಭಕ್ಕೂ ಒಂದೇ ಷರತ್ತು: ಪರೀಕ್ಷೆಯ ದಿನ ರೋಗಿ ಗೋಧಿ ತಿನ್ನುತ್ತಿರಬೇಕು. ವೈರಿ ಊರು ಬಿಟ್ಟ ಮೇಲೆ ಕತ್ತಿ ಒರೆಗೆ ಹೋಗುತ್ತದೆ. ತಿಂಗಳುಗಳು ಕಳೆದಂತೆ ರಕ್ತದಲ್ಲಿ ಸುಳಿವೇ ಉಳಿಯುವುದಿಲ್ಲ. ತಾವಾಗಿಯೇ ಗೋಧಿ ಬಿಟ್ಟವರು ಡಿಕೆಯ ಮಕ್ಕಳ ಜಾಗಕ್ಕೆ ಬಂದು ನಿಲ್ಲುವುದು ಹೀಗೆ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನಮ್ಮ ಸೀಮೆಗೆ ಮುಖ್ಯ. ಬಿ.ಎಸ್. ರಾಮಕೃಷ್ಣ, ಗೋವಿಂದ ಮಖಾರಿಯಾ ಮೊದಲಾದವರು ಉತ್ತರ, ಈಶಾನ್ಯ, ದಕ್ಷಿಣ ಭಾರತಗಳ 23,331 ವಯಸ್ಕರ ರಕ್ತ ನೋಡಿದರು. ಸೀಲಿಯಾಕ್‌ನ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10 ಜನರಲ್ಲಿ ಕಂಡವು. ಆದರೆ ಈ ರೋಗಕ್ಕೆ ಬಾಗಿಲು ತೆರೆಯುವ ವಂಶವಾಹಿ ಮೂರೂ ಕಡೆ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗಿತ್ತು. ವ್ಯತ್ಯಾಸ ಎದ್ದು ಕಂಡದ್ದು ತಟ್ಟೆಯಲ್ಲಿ: ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿಂದರೆ ದಕ್ಷಿಣದವರು 25 ಗ್ರಾಂ. ಬಾಗಿಲು ನಮ್ಮಲ್ಲೂ ಇದೆ, ತಟ್ಟುವವರು ಬಂದಿರಲಿಲ್ಲ ಎಂದೇ ನಾವು ಇದನ್ನು ಓದುತ್ತೇವೆ. ತೆಂಗಿನ ಸೀಮೆಯ ಮಕ್ಕಳು ಹಾಸ್ಟೆಲಿಗೆ, ಪಟ್ಟಣಕ್ಕೆ, ಗಲ್ಫಿಗೆ ಹೋಗಿ ಮೂರು ಹೊತ್ತು ಮೈದಾ ತಿನ್ನತೊಡಗಿದಾಗ ಆ ಬಾಗಿಲು ಏನಾಗುತ್ತದೆ? ಇಲ್ಲಿಯ ಡಾಕ್ಟರುಗಳ ಮನಸ್ಸಿಗೆ ಈ ರೋಗ ಮೊದಲು ಹೊಳೆಯುವುದಿಲ್ಲ. ಅದಕ್ಕೆ ಅವರನ್ನು ದೂರುವುದೂ ಕಷ್ಟ. ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇರುವ ನಾಡಿನಲ್ಲಿ ಇನ್ನೊಬ್ಬ ಹುಡುಗಿಯ ರಕ್ತಹೀನತೆ ಸುದ್ದಿಯಲ್ಲ.

ಈಗ ದಾದಿಯ ಪ್ರಶ್ನೆಗೆ ಬರೋಣ. ಬಿಟ್ಟು ಸುಖವಾಗಿದ್ದಾಳೆ, ಹಾಗೆಯೇ ಇರಲಿ ಎನ್ನುವುದರಲ್ಲಿ ಏನು ತೊಂದರೆ? ಮೊದಲ ತೊಂದರೆ ಬಾಳೆಹಣ್ಣಿನದು. ಗೋಧಿ ಬಿಟ್ಟು ಹೊಟ್ಟೆ ಹಗುರವಾದದ್ದಕ್ಕೆ ಗ್ಲುಟೆನ್ ಕಾರಣವಾಗಿರಲೇಬೇಕೆಂದಿಲ್ಲ. ಗೋಧಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿಯಿದೆ. ಈರುಳ್ಳಿ, ಬೆಳ್ಳುಳ್ಳಿಯಲ್ಲೂ ಇದೆ. ಸೀಲಿಯಾಕ್ ಇಲ್ಲದೆಯೂ ತಮಗೆ ಗ್ಲುಟೆನ್ ಆಗದು ಎಂದು ನಂಬಿದ್ದ 59 ಜನರ ಮೇಲೆ ನಾರ್ವೆಯಲ್ಲಿ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹೊಟ್ಟೆ ಕೆಡಿಸಿದ್ದು ಗ್ಲುಟೆನ್‌ಗಿಂತ ಹೆಚ್ಚಾಗಿ ಫ್ರಕ್ಟಾನ್. ಅಂಥವರು ಒಂದು ಸಮೋಸ ತಿಂದರೆ ಒಂದು ದಿನ ಹೊಟ್ಟೆ ಉಬ್ಬೀತು, ಅಷ್ಟೇ. ಸೀಲಿಯಾಕ್ ಆದರೆ ಆ ಮಾತಲ್ಲ. ಅದು ಜೀವನಪರ್ಯಂತದ ಪಥ್ಯ. ತಟ್ಟೆಯಲ್ಲಿ ಕಾಣದ ಗೋಧಿಯೂ ಸಲ್ಲದು. ಅಂಗಡಿಯ ಇಂಗಿನಲ್ಲಿ ಮೈದಾ ಬೆರೆತಿರುತ್ತದೆ. ಒಂದೇ ಗಿರಣಿಯಲ್ಲಿ ಗೋಧಿಯ ಹಿಂದೆ ರಾಗಿ ಬೀಸಿದರೆ ರಾಗಿಯೂ ಕೆಡುತ್ತದೆ. ಉತ್ತರ ಕರ್ನಾಟಕದ ಕಪ್ಲಿ ಗೋಧಿ ಹಳೆಯ ತಳಿ, ತಿನ್ನಬಹುದು ಎಂಬ ಮಾತೂ ಓಡಾಡುತ್ತಿದೆ. ಅದರಲ್ಲೂ ಗ್ಲುಟೆನ್ ಇದೆ, ಜವೆಗೋಧಿಯಲ್ಲೂ ಅದರ ಸೋದರ ಪ್ರೋಟೀನು ಇದೆ. ಗ್ಲುಟೆನ್ ಇಲ್ಲದ್ದು ಎಂದು ಮಾರುವ ಆಹಾರದಲ್ಲಿ ಅದು ಕಿಲೋಗೆ 20 ಮಿಲಿಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. ಇಷ್ಟು ಕಟ್ಟುನಿಟ್ಟನ್ನು ಯಾರೂ ಬರೀ ಅನುಮಾನದ ಮೇಲೆ ಐವತ್ತು ವರ್ಷ ಪಾಲಿಸಲಾರರು. ಪಾಲಿಸದಿದ್ದರೆ ಮೂಳೆ ಸವೆಯುತ್ತದೆ, ರಕ್ತ ಕಡಿಮೆಯಾಗುತ್ತದೆ, ಬಸಿರು ನಿಲ್ಲುವುದಕ್ಕೂ ತೊಡಕಾಗಬಹುದು.

ಇನ್ನೊಂದು ತೊಂದರೆ ಆಕೆಯ ತಮ್ಮ, ತಂಗಿಯರದು. ರೋಗ ಖಚಿತವಾದರೆ ಒಡಹುಟ್ಟಿದವರಿಗೂ ತಂದೆತಾಯಿಗೂ ರಕ್ತಪರೀಕ್ಷೆ ಆಗಬೇಕು. ಹತ್ತು ಹದಿನೈದು ಜನರಲ್ಲಿ ಒಬ್ಬರಿಗೆ ಸಿಗುತ್ತದೆ. ಮೂರನೆಯದನ್ನು ಡಾಕ್ಟರ ಪುಸ್ತಕದಲ್ಲಿ ಬರೆದಿರುವುದಿಲ್ಲ. ಮದುವೆಯಾಗಿ ಹೋದ ಮನೆಯಲ್ಲಿ ಈದ್ ದಿನ ಶೀರ್ ಖುರ್ಮಾದ ಬಟ್ಟಲನ್ನು ಬೇಡವೆನ್ನುವ ಸೊಸೆಗೆ ಕೈಯಲ್ಲೊಂದು ಕಾಗದ ಬೇಕು. ಕಾಗದ ಇಲ್ಲದಿದ್ದರೆ ಅದು ನಖರಾ.

ಎದುರು ವಾದವೂ ಹಗುರಲ್ಲ. ಆರು ವಾರದ ಭೇದಿ, ಸುಸ್ತು, ಕಾಲೇಜು ತಪ್ಪುವುದು ನಿಜವಾದ ಬೆಲೆ. ಬಸುರಿಯರಿಗೆ, ಐದು ವರ್ಷದೊಳಗಿನ ಮಕ್ಕಳಿಗೆ, ಬೆಳವಣಿಗೆಯ ಭರದಲ್ಲಿರುವ ಹರೆಯದವರಿಗೆ ಇದನ್ನು ಮುಂದೂಡಬೇಕೆಂದೇ ತಜ್ಞರು ಹೇಳುತ್ತಾರೆ. ಹಿಂದೆ ಒಂದು ತುತ್ತಿಗೇ ಆಸ್ಪತ್ರೆ ಸೇರಿದವರು ಮನೆಯಲ್ಲಿ ಪ್ರಯೋಗಕ್ಕೆ ಇಳಿಯಬಾರದು. ಎಷ್ಟು ತಿನ್ನಬೇಕು ಎಂಬ ಬಗ್ಗೆಯೂ ಬಿಗಿ ಕಡಿಮೆಯಾಗಿದೆ. 2013ರಲ್ಲಿ ಬಾಸ್ಟನ್ನಿನ ಲೆಫ್ಲರ್ ಮತ್ತು ಸಂಗಡಿಗರು 20 ವಯಸ್ಕ ರೋಗಿಗಳಿಗೆ ದಿನಕ್ಕೆ 3 ಗ್ರಾಂ ಅಥವಾ 7.5 ಗ್ರಾಂ ಗ್ಲುಟೆನ್ ಕೊಟ್ಟು ನೋಡಿದರು. ಎರಡು ವಾರದಲ್ಲೇ ಬಹುಪಾಲು ಜನರ ಕರುಳಿನಲ್ಲಿ ಬದಲಾವಣೆ ಕಂಡಿತು. ಮೂರು ಗ್ರಾಂ ಅಂದರೆ ಹೆಚ್ಚುಕಡಿಮೆ ಒಂದು ಚಪಾತಿ. ತಡೆಯಬಲ್ಲವರು ಆರೆಂಟು ವಾರ ಮುಂದುವರಿಸಿದರೆ ಫಲಿತಾಂಶ ಹೆಚ್ಚು ನಂಬಿಕೆಗೆ ಅರ್ಹ. ತಡೆಯಲಾರದವರು ಎರಡು ವಾರಕ್ಕೆ ನಿಲ್ಲಿಸಿ ಪರೀಕ್ಷೆಗೆ ಹೋಗಬಹುದು.

ಇದಕ್ಕೂ ಮೊದಲು ಗೋಧಿ ಮುಟ್ಟದೆಯೇ ಇಡಬಹುದಾದ ಒಂದು ಹೆಜ್ಜೆಯಿದೆ. ಅದು ಎಚ್‌ಎಲ್‌ಎ-ಡಿಕ್ಯೂ2, ಡಿಕ್ಯೂ8 ಎಂಬ ವಂಶವಾಹಿಗಳ ಪರೀಕ್ಷೆ. ಏನು ಉಂಡಿದ್ದರೂ ಅದರ ಫಲಿತಾಂಶ ಬದಲಾಗುವುದಿಲ್ಲ. ಎರಡೂ ಇಲ್ಲವೆಂದರೆ ಸೀಲಿಯಾಕ್ ಬಹುತೇಕ ಇಲ್ಲ; ಗೋಧಿ ತಿಂದು ನರಳುವ ಪ್ರಶ್ನೆಯೇ ಏಳದು. ಇದೆ ಎಂದರೆ ಮಾತ್ರ ಏನೂ ತೀರ್ಮಾನವಾಗುವುದಿಲ್ಲ, ಮೂವರಲ್ಲಿ ಒಬ್ಬರಿಗೆ ಅದು ಇದ್ದೇ ಇರುತ್ತದೆ. ಇಷ್ಟು ಸರಳ ಕ್ರಮವನ್ನು ಮೊದಲೇ ಹೇಳುವವರು ಏಕೆ ಇಷ್ಟು ಕಡಿಮೆ ಎಂಬುದು ನಮ್ಮ ತಕರಾರು. ಅದಕ್ಕಿಂತ ದೊಡ್ಡ ತಕರಾರು ಗೋಧಿ ಬಿಟ್ಟು ನೋಡಿ ಎಂದು ಸುಲಭವಾಗಿ ಹೇಳುವ ನೆಂಟರು, ಮಿತ್ರರು, ಟಿ.ವಿ. ಪಂಡಿತರ ಮೇಲೆ. ಬಿಡುವ ಮುಂಚೆ ಒಂದು ಟಿಟಿಜಿ ಮಾಡಿಸಿದ್ದರೆ ಒಂದು ಬೆಳಗಿನಲ್ಲಿ ಮುಗಿಯುತ್ತಿದ್ದ ಕೆಲಸವದು.

ಹುಡುಗಿಯ ವಂಶವಾಹಿ ಪರೀಕ್ಷೆ ಇದೆ ಎಂದೇ ಬಂತು. ಪರೀಕ್ಷೆಗಳೆಲ್ಲ ಮುಗಿದು ರಜೆ ಬಂದಾಗ, ಮನೆಯಲ್ಲೇ ಇದ್ದು, ದಿನಕ್ಕೆ ಎರಡು ಚಪಾತಿಯಂತೆ ತಿನ್ನಲು ಒಪ್ಪಿದ್ದಾಳೆ. ವಾರಕ್ಕೊಮ್ಮೆ ತೂಕ ಬರೆದಿಡಲು ಡಾಕ್ಟರು ಹೇಳಿದ್ದಾರೆ. ದಾದಿ ಇನ್ನೂ ಒಪ್ಪಿಲ್ಲ. ಆದರೆ ಚಪಾತಿ ತಾವೇ ಮಾಡಿಕೊಡುವುದಾಗಿ ಹೇಳಿದ್ದಾರೆ.

ಡಿಕೆ 1962ರಲ್ಲಿ, ಐವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡ. 2025ರಲ್ಲಿ ಮೆಲ್ಬರ್ನಿನ ವಾಲ್ಟರ್ ಅಂಡ್ ಎಲೈಜಾ ಹಾಲ್ ಸಂಸ್ಥೆಯ ಸಂಶೋಧಕರು ಇನ್ನೊಂದು ದಾರಿ ಪ್ರಕಟಿಸಿದರು. ಗೋಧಿ ಬಿಟ್ಟವರ ರಕ್ತ ತೆಗೆದು ಆ ರಕ್ತಕ್ಕೇ ಕೊಳವೆಯಲ್ಲಿ ಗ್ಲುಟೆನ್ ಬೆರೆಸುತ್ತಾರೆ. ಅದರಲ್ಲಿರುವ ಟಿ ಜೀವಕೋಶಗಳು ಹಳೆಯ ವೈರಿಯ ಗುರುತು ಹಿಡಿದರೆ ಇಂಟರ್‌ಲ್ಯೂಕಿನ್-2 ಎಂಬ ವಸ್ತು ಹೊಮ್ಮುತ್ತದೆ, ಅದನ್ನು ಅಳೆಯುತ್ತಾರೆ. ಗೋಧಿಯ ಸಂಕಟ ರೋಗಿಗಲ್ಲ, ಗಾಜಿನ ಕೊಳವೆಗೆ. ಅದು ಇನ್ನೂ ಸಂಶೋಧನೆಯ ಹಂತದಲ್ಲಿದೆ. ನಮ್ಮ ಜಿಲ್ಲೆಯ ಆಸ್ಪತ್ರೆಗಳಿಗೆ ಬಂದಿಲ್ಲ.